ಮೂರು ದಾರಿಯ ಚಳಿ

ಹಾಸನಾಂಬೆಯ ಗುಡಿ ಬಾಗಿಲು ಹಾಕಿದರು ಅಂದರೆ ಚಳಿ ಬಂತು ಅಂತ ನಮ್ಮ ಕಡೆ ಲೆಕ್ಕ. ಆಶ್ವಯುಜದ ಹುಣ್ಣಿಮೆ ಕಳೆದ ಮೊದಲ ಗುರುವಾರ ತೆರೆದ ಬಾಗಿಲು ಬಲಿಪಾಡ್ಯಮಿಯ ಮಾರನೆಯ ದಿನ ಮುಚ್ಚುತ್ತದೆ. ದರ್ಶನದ ಸಾಲು ಕರಗಿ ಹಾಸನದ ಬೀದಿಗಳು ತೆರವಾದ ಕೆಲವೇ ದಿನಗಳಲ್ಲಿ, ರಾತ್ರಿ ಹೊರಗೆ ನಿಲ್ಲಿಸಿದ ಬೈಕಿನ ಸೀಟು ಬೆಳಿಗ್ಗೆ ಒದ್ದೆಯಾಗಿರತೊಡಗುತ್ತದೆ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತೆ ಅನ್ನುವುದು ಆ ಕಡೆಯ ಗಡಿ. ಈ ಎರಡು ಗಡಿಗಳ ನಡುವಿನ ಬೆಳಗುಗಳನ್ನು ನಾನು ಬಹುಪಾಲು ರಸ್ತೆಯ ಮೇಲೆ ಕಳೆದಿದ್ದೇನೆ. ಅದರಿಂದ ಒಂದು ಮಾತು ಧೈರ್ಯವಾಗಿ ಹೇಳಬಲ್ಲೆ. ನಮ್ಮ ಸೀಮೆಯಲ್ಲಿ ಚಳಿ ದಾರಿಯಿಂದ ದಾರಿಗೆ ಬೇರೆ. ಕಾರಿನ ಗಾಜು ಏರಿಸಿಕೊಂಡವರಿಗೆ, ಬಸ್ಸಿನ ಕಿಟಕಿ ಎಳೆದುಕೊಂಡು ತೂಕಡಿಸುವವರಿಗೆ ಇದು ಗೊತ್ತಾಗುವುದಿಲ್ಲ. ಬೈಕಿನವನ ಮೈಗೆ ಗೊತ್ತಾಗುತ್ತದೆ.

ನನ್ನ ಮನೆ ಹೊಳೆನರಸೀಪುರ. ಕೆಲಸ ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ವರ್ಗಾವಣೆಯಾದಾಗೆಲ್ಲ ಶಾಲೆ ಬದಲಾಯಿತು, ಮನೆ ಬದಲಾಗಲಿಲ್ಲ. ಮೊದಲು ಅರಕಲಗೂಡಿನ ಕಡೆ, ಆಮೇಲೆ ಚನ್ನರಾಯಪಟ್ಟಣದ ಕಡೆ, ಈಗ ಹಾಸನದ ಹತ್ತಿರ. ಬಸ್ಸು ಉಂಟು, ಮೈಸೂರಿನಿಂದ ಹಾಸನಕ್ಕೆ ಹೋಗುವ ರೈಲೂ ನಮ್ಮೂರ ಮೇಲೇ ಹೋಗುತ್ತದೆ. ಆದರೆ ನಮ್ಮ ಶಾಲೆಗಳು ಮುಖ್ಯರಸ್ತೆ ಬಿಟ್ಟು ಎರಡು ಮೂರು ಮೈಲಿ ಒಳಗೆ. ಗೇಟಿನಲ್ಲಿ ಇಳಿದು ಅಲ್ಲಿಂದ ಮುಂದಕ್ಕೆ ಯಾರ ಗಾಡಿ ಸಿಗುತ್ತದೋ ಎಂದು ಕಾಯಬೇಕು. ಡಿಸೆಂಬರ್ ಬಂತೆಂದರೆ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಬೆಳಗಿನ ವಿಶೇಷ ತರಗತಿ ಬೇರೆ. ಶನಿವಾರವಂತೂ ಇಡೀ ಶಾಲೆಯೇ ಬೆಳಗಿನ ಹೊತ್ತು. ಹಗಲು ಅತಿ ಚಿಕ್ಕದಾಗುವುದು ಡಿಸೆಂಬರ್ 21ರ ಆಸುಪಾಸಿನಲ್ಲಾದರೂ ನಮ್ಮಲ್ಲಿ ಸೂರ್ಯ ಅತಿ ತಡವಾಗಿ ಹುಟ್ಟುವುದು ಜನವರಿಯ ಕೊನೆಯ ಭಾಗದಲ್ಲಿ, 6.50ರ ಹತ್ತಿರ. ಆದ್ದರಿಂದ ಸಂಕ್ರಾಂತಿಯ ಎಳ್ಳು ಬೆಲ್ಲ ಹಂಚಿ ಮುಗಿದ ಮೇಲೂ ನಾವು ಕತ್ತಲಲ್ಲೇ ಹೊರಡುತ್ತೇವೆ.

ಹೊರಡುವುದೆಂದರೆ ಮೊದಲು ಮೈ ಕಟ್ಟಿಕೊಳ್ಳುವ ಕೆಲಸ. ಬನಿಯನ್ನು, ಅಂಗಿ, ಅದರ ಮೇಲೆ ಸ್ವೆಟರ್, ಎಲ್ಲದರ ಮೇಲೆ ಜರ್ಕಿನ್. ಸ್ವೆಟರಿಗೂ ಜರ್ಕಿನ್ನಿಗೂ ನಡುವೆ ಎದೆಯ ಮೇಲೆ ಹಿಂದಿನ ದಿನದ ಪೇಪರು. ಇದನ್ನು ನನಗೆ ಹೇಳಿಕೊಟ್ಟವನು ಪ್ರತಿ ಬೆಳಿಗ್ಗೆ ಬೈಕಿನಲ್ಲಿ ಹೂವಿನ ಮೂಟೆ ಸಾಗಿಸುತ್ತಿದ್ದ ಒಬ್ಬ ಹುಡುಗ. ಎರಡು ಹಾಳೆ ಸಾಲದು, ಇಡೀ ಪೇಪರು ಮಡಿಸಿದ ಹಾಗೇ ಇಡಬೇಕು. ಮಡಿಕೆ ಮಡಿಕೆಯ ನಡುವೆ ಸಿಕ್ಕಿಕೊಂಡ ಗಾಳಿಯೇ ಚಳಿ ತಡೆಯುವುದು. ದುಬಾರಿ ಜರ್ಕಿನ್ ಮಾಡದ ಕೆಲಸವನ್ನು ಇದು ಮಾಡುತ್ತದೆ. ಕೈಗೆ ಮಾತ್ರ ಇಂಥ ಉಪಾಯ ಯಾವುದೂ ಇಲ್ಲ. ಉಣ್ಣೆಯ ಗ್ಲೌಸಿನ ಎಳೆಗಳ ನಡುವೆ ಗಾಳಿ ನುಗ್ಗುತ್ತದೆ. ರೆಕ್ಸಿನ್ ಗ್ಲೌಸ್ ಗಾಳಿ ತಡೆದರೂ ಸೆಟೆದುಕೊಂಡು ಬ್ರೇಕಿನ ಹಿಡಿತವೇ ಸಿಗುವುದಿಲ್ಲ. ಮೊದಲು ಹೋಗುವುದು ಕಿರುಬೆರಳು, ಆಮೇಲೆ ಉಂಗುರ ಬೆರಳು. ಶಾಲೆ ಮುಟ್ಟಿದ ಮೇಲೆ ಎಂಜಿನ್ನಿನ ಪಕ್ಕ ಕೂತು ಕೈ ಕಾಯಿಸಿಕೊಂಡು ಒಳಗೆ ಹೋದರೂ ಮೊದಲ ಹತ್ತು ನಿಮಿಷ ಸೀಮೆಸುಣ್ಣ ಹಿಡಿತಕ್ಕೆ ಬರುವುದಿಲ್ಲ. ಬೋರ್ಡಿನ ಮೇಲೆ ತಾರೀಖು ಬರೆದದ್ದು ಕೆಳಗೆ ಜಾರಿರುತ್ತದೆ. ಮಕ್ಕಳಿಗೆ ಇದು ಗೊತ್ತು. ಅವರೂ ಸೈಕಲ್ ತುಳಿದು, ನಡೆದು ಬಂದವರೇ. ಮೊದಲ ಪಿರಿಯಡ್ಡಿನಲ್ಲಿ ಅವರ ಅಕ್ಷರವೂ ಹಾಗೇ ಇರುತ್ತದೆ.

ಬೀಸುವ ಗಾಳಿಯಿಂದ ಮೈಗೆ ಎಷ್ಟು ಹೆಚ್ಚು ಚಳಿ ತಟ್ಟುತ್ತದೆ ಎಂದು ಹೇಳಲು ಅಮೆರಿಕ ಮತ್ತು ಕೆನಡಾದ ಹವಾಮಾನ ಇಲಾಖೆಯವರು 2001ರಿಂದ ಒಂದು ಸೂತ್ರ ಬಳಸುತ್ತಿದ್ದಾರೆ. ಅದನ್ನು ನಮ್ಮ ರಸ್ತೆಗೆ ಹಾಕಿ ನೋಡಿದೆ. ಬೆಳಗಿನ ಜಾವದ ಉಷ್ಣಾಂಶ 10 ಡಿಗ್ರಿ, ಬೈಕು ಗಂಟೆಗೆ 60 ಕಿಲೋಮೀಟರ್. ಮುಖಕ್ಕೆ ತಟ್ಟುವುದು 5 ಡಿಗ್ರಿಯ ಚಳಿ. ವೇಗ 40ಕ್ಕೆ ಇಳಿಸಿದರೆ 6. ನಿಧಾನ ಹೋದರೆ ಚಳಿ ಕಮ್ಮಿ ಎಂದು ನಾವೆಲ್ಲ ನಂಬಿದ್ದೇವಲ್ಲ, ಆ ನಂಬಿಕೆಗೆ ಸಿಗುವುದು ಒಂದೇ ಒಂದು ಡಿಗ್ರಿ. ನಿಧಾನ ಹೋಗಬೇಕಾದದ್ದು ಬೇರೆ ಕಾರಣಕ್ಕೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಒಂದೇ ದಾರಿಯಲ್ಲೂ ಚಳಿ ಒಂದೇ ಸಮ ಇರುವುದಿಲ್ಲ. ಮೋಡವಿಲ್ಲದ ರಾತ್ರಿ ನೆಲ ತನ್ನ ಕಾವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಡುತ್ತದೆ. ನೆಲಕ್ಕೆ ತಾಗಿದ ಗಾಳಿ ತಣ್ಣಗಾಗಿ, ಭಾರವಾಗಿ, ದಿಣ್ಣೆಯಿಂದ ಜಾರಿ ತಗ್ಗಿಗೆ ಬಂದು ನಿಲ್ಲುತ್ತದೆ. ಕೆರೆಯ ಹಿಂಭಾಗದ ಗದ್ದೆ ಬಯಲು, ಹೇಮಾವತಿಯ ನಾಲೆ ಹಾಯುವ ತಗ್ಗು, ಹಳ್ಳದ ಮೋರಿ, ಇಂಥಲ್ಲೆಲ್ಲ ಅದು ಮಡುಗಟ್ಟಿರುತ್ತದೆ. ದಿಣ್ಣೆ ಇಳಿದು ಅದರೊಳಗೆ ಹೋಗುವಾಗ ಹೊಳೆಗೆ ಇಳಿದ ಹಾಗೆ ಮೊದಲು ಪಾದಕ್ಕೆ, ಆಮೇಲೆ ಮೊಣಕಾಲಿಗೆ, ಆಮೇಲೆ ಎದೆಗೆ ಚಳಿ ಏರುತ್ತದೆ. ಇನ್ನೊಂದು ಬದಿಯ ಏರು ಹತ್ತಿದರೆ ಬಿಟ್ಟುಬಿಡುತ್ತದೆ. ತೆಂಗಿನ ತೋಟದ ನಡುವೆ ಹೋಗುವಾಗ ಚಳಿ ಕಮ್ಮಿ. ಮೇಲಿನ ಸೋಗೆಗಳು ನೆಲದ ಕಾವನ್ನು ಪೂರ್ತಿ ಹೋಗಲು ಬಿಟ್ಟಿರುವುದಿಲ್ಲ. ರಾತ್ರಿ ನೀರು ಬಿಟ್ಟ ಕಬ್ಬಿನ ಗದ್ದೆ ಪಕ್ಕದಲ್ಲಿದ್ದರೆ ಒದ್ದೆ ಚಳಿ ಮೂಗಿಗೆ ಮೊದಲು ತಿಳಿಯುತ್ತದೆ. ಊರು ಹತ್ತಿರ ಬಂತೆಂದರೆ ಹಂಡೆ ಒಲೆಗಳ ಹೊಗೆ ಮನೆಯ ಮಟ್ಟದಲ್ಲೇ ತೇಲುತ್ತಿರುತ್ತದೆ, ಒಂದು ಫರ್ಲಾಂಗು ಬೆಚ್ಚಗೆ. ಕಣ್ಣಿಗೆ ಬಟ್ಟೆ ಕಟ್ಟಿ ಹಿಂದಿನ ಸೀಟಿನಲ್ಲಿ ಕೂರಿಸಿದರೂ ನನ್ನ ಮೂರು ದಾರಿಗಳಲ್ಲಿ ಎಲ್ಲಿದ್ದೇನೆ ಎಂದು ಮೈಯೇ ಹೇಳುತ್ತದೆ.

ಅರಕಲಗೂಡಿನ ದಾರಿ ನನ್ನ ಪಾಲಿಗೆ ದಯೆಯ ದಾರಿ. ನಮ್ಮೂರಿನಿಂದ ಅದು ನೇರ ಪಡುವಣಕ್ಕೆ. ಬೆಳಿಗ್ಗೆ ಹೋಗುವಾಗ ಎಳೆಬಿಸಿಲು ಬೆನ್ನಿಗೆ, ಸಂಜೆ ಬರುವಾಗಲೂ ಇಳಿಬಿಸಿಲು ಬೆನ್ನಿಗೇ. ಆ ಸೀಮೆಯ ಚಳಿಯಲ್ಲಿ ಹೊಗೆಸೊಪ್ಪಿನ ವಾಸನೆಯೂ ಸೇರಿರುತ್ತದೆ. ಸುಗ್ಗಿ ತಡವಾದ ವರ್ಷ ಕೊನೆಕೊನೆಯ ಸೊಪ್ಪು ಬೇಯಿಸುವ ಬ್ಯಾರನ್ನುಗಳು ಕಾರ್ತಿಕದ ತನಕ ಉರಿಯುತ್ತವೆ. ರಸ್ತೆಗೆ ಹತ್ತಿರದ ಬ್ಯಾರನ್ನಿನ ಮುಂದೆ, ರಾತ್ರಿಯೆಲ್ಲ ಬೆಂಕಿ ಕಾದವನು ಕಂಬಳಿ ಹೊದ್ದು ಕೂತಿರುತ್ತಾನೆ. ಉರಿ ಹೆಚ್ಚಾದರೆ ಸೊಪ್ಪು ಕೆಡುತ್ತದೆ, ಕಮ್ಮಿಯಾದರೆ ಬಣ್ಣ ಬರುವುದಿಲ್ಲ. ಅವನಿಗೆ ನಿದ್ದೆ ಎಂಬುದಿಲ್ಲ. ಡಿಸೆಂಬರಿನಲ್ಲಿ ಆ ಸೊಪ್ಪು ಬೇಲುಗಳಾಗಿ ಗೂಡ್ಸ್ ಆಟೋಗಳಲ್ಲಿ ರಾಮನಾಥಪುರದ ಹರಾಜು ಮಾರುಕಟ್ಟೆಗೆ ಹೊರಡುತ್ತದೆ. ಅಂಥ ಗಾಡಿಯ ಹಿಂದೆ ಸಿಕ್ಕಿಕೊಂಡರೆ ಸಿಹಿ ಬೆರೆತ ಒಂದು ಘಾಟು ಬಹಳ ದೂರ ಮೂಗಿನಲ್ಲಿ ಉಳಿಯುತ್ತದೆ. ಷಷ್ಠಿಗೆ ರಾಮನಾಥಪುರದ ಸುಬ್ರಹ್ಮಣ್ಯಸ್ವಾಮಿಯ ತೇರು, ಜೊತೆಗೆ ದನಗಳ ಜಾತ್ರೆ. ಆ ದಿನಗಳಲ್ಲಿ ಗಂಡ, ಹೆಂಡತಿ, ನಡುವೆ ಟೋಪಿ ಹಾಕಿದ ಮಗು, ಇಷ್ಟೂ ಜನ ಒಂದೇ ಬೈಕಿನಲ್ಲಿ ಕಾವೇರಿ ಸ್ನಾನಕ್ಕೆ ಹೊರಟಿರುತ್ತಾರೆ. ಆ ಚಳಿಯಲ್ಲಿ ನದಿಗೆ ಇಳಿಯುತ್ತಾರಲ್ಲ ಎಂದು ನನಗೆ ಅವರ ಮೇಲೆ ಗೌರವ. ಇಳಿದವರು ಹೇಳುವುದು, ನೀರೇ ಬೆಚ್ಚಗಿತ್ತು, ಮೇಲೆ ಬಂದ ಮೇಲೆ ಕಷ್ಟವಾಯಿತು ಅಂತ. ನಿಜವೇ. ನೀರು ಅಷ್ಟು ಬೇಗ ತಣ್ಣಗಾಗುವುದಿಲ್ಲ. ಹಾಸನದಿಂದ ಗೊರೂರಿನ ಮೇಲೆ ಅರಕಲಗೂಡಿಗೆ ಬಂದರೆ ಇದನ್ನು ಕಣ್ಣಾರೆ ಕಾಣಬಹುದು. ಹೇಮಾವತಿಗೆ ಅಲ್ಲಿ ಕಟ್ಟಿದ ಅಣೆಕಟ್ಟೆಯ ಹಿಂದೆ 37 ಟಿಎಂಸಿ ನೀರು ನಿಲ್ಲುತ್ತದೆ. ತುಂಬಿದ ವರ್ಷ, ಗಾಳಿ ತಣ್ಣಗಿದ್ದು ನೀರು ಅದಕ್ಕಿಂತ ಬೆಚ್ಚಗಿರುವ ಬೆಳಿಗ್ಗೆ ಇಡೀ ನೀರಿನ ಬಯಲು ಹೊಗೆಯಾಡುತ್ತಿರುತ್ತದೆ. ಗೊರೂರು ರಾಮಸ್ವಾಮಿ ಅಯ್ಯಂಗಾರರ ಊರು ಅದು. ಅವರು 1930ರ ಹೊತ್ತಿಗೆ ಈ ಹೊಳೆಯ ದಂಡೆಯ ಬದುಕನ್ನು ಬರೆಯುತ್ತಿದ್ದಾಗ ಈ ಕಟ್ಟೆಯೂ ಇರಲಿಲ್ಲ, ಈ ಹಿನ್ನೀರಿನ ಮಂಜೂ ಇರಲಿಲ್ಲ.

ಚನ್ನರಾಯಪಟ್ಟಣದ ದಾರಿ ಇದಕ್ಕೆ ತಿರುಗುಮುರುಗು. ಅದು ಈಶಾನ್ಯಕ್ಕೆ ಹೋಗುತ್ತದೆ. ಬೆಳಿಗ್ಗೆ ಹುಟ್ಟುವ ಸೂರ್ಯ ಕಣ್ಣಿಗೆ, ಸಂಜೆ ಮುಳುಗುವ ಸೂರ್ಯನೂ ಕಣ್ಣಿಗೇ. ಹೆಲ್ಮೆಟ್ಟಿನ ಗಾಜಿನ ಮೇಲೆ ಹೊರಗೆ ಇಬ್ಬನಿ, ಒಳಗೆ ನಮ್ಮದೇ ಉಸಿರಿನ ಮಬ್ಬು. ಅದರ ಮೇಲೆ ಎದುರು ಬಿಸಿಲು ಬಿದ್ದರೆ ಇಡೀ ಗಾಜು ಬೆಳ್ಳಗಾಗುತ್ತದೆ, ಎದುರಿಗೆ ಬಂದದ್ದು ಎತ್ತೋ ಲಾರಿಯೋ ತಿಳಿಯುವುದಿಲ್ಲ. ಗಾಜು ಏರಿಸಿದರೆ ಕಣ್ಣಲ್ಲಿ ನೀರು. ರಾತ್ರಿಯೇ ಗಾಜಿನ ಒಳಮೈಗೆ ಸೋಪು ಸವರಿ ಒಣಬಟ್ಟೆಯಲ್ಲಿ ಉಜ್ಜಿಟ್ಟರೆ ಉಸಿರಿನ ಮಬ್ಬು ಕಟ್ಟುವುದಿಲ್ಲ. ಬಿಸಿಲಿಗೆ ಮಾತ್ರ ನಿಧಾನವೇ ಮದ್ದು. ಇನ್ನು ಗಾಳಿ. ಚಳಿಗಾಲದಲ್ಲಿ ನಮ್ಮಲ್ಲಿ ಬೀಸುವುದೇ ಮೂಡಲ ಗಾಳಿ, ಒಣಗಾಳಿ. ಅದಕ್ಕೆ ಎದೆ ಕೊಟ್ಟೇ ಹೋಗಬೇಕು. ತುಟಿ ಒಡೆಯುವುದು, ಹಿಮ್ಮಡಿ ಸೀಳುವುದು, ಕೈಯ ಹಿಂಬದಿ ಬೂದಿ ಬಳಿದಂತಾಗುವುದು ಎಲ್ಲ ಈ ದಾರಿಯಲ್ಲೇ ಹೆಚ್ಚು. ಚನ್ನರಾಯಪಟ್ಟಣದ ಕಡೆ ಕೊಬ್ಬರಿ ಎಣ್ಣೆಗೆ ಬರವಿಲ್ಲ. ನಾನಿದ್ದ ಶಾಲೆಯಲ್ಲಿ ಹುಡುಗಿಯರು ಮುಖ, ಮೊಣಕೈಗೆಲ್ಲ ಎಣ್ಣೆ ಸವರಿಕೊಂಡು ಬಂದು ಪ್ರಾರ್ಥನೆಯ ಸಾಲಿನಲ್ಲಿ ಬಿಸಿಲಿಗೆ ಮಿರುಗುತ್ತ ನಿಲ್ಲುತ್ತಿದ್ದರು.

ಆದರೆ ಆ ದಾರಿಯ ನಿಜವಾದ ಭಯ ಗಾಳಿಯೂ ಅಲ್ಲ, ಬಿಸಿಲೂ ಅಲ್ಲ, ರಸ್ತೆಯ ಮೇಲಿನ ಒಕ್ಕಣೆ. ಕಾರ್ತಿಕ ಕಳೆದು ರಾಗಿ ಕೊಯ್ದು ಮೆದೆ ಹಾಕಿ ಒಣಗಿಸಿದ ಮೇಲೆ, ಸಂಕ್ರಾಂತಿಯ ಹಿಂದು ಮುಂದು, ನಮ್ಮ ಹಳ್ಳಿ ರಸ್ತೆಗಳೆಲ್ಲ ಕಣಗಳಾಗುತ್ತವೆ. ಡಾಂಬರಿನ ಮೇಲೆ ಮೊಣಕಾಲುದ್ದ ರಾಗಿ ಹುಲ್ಲು ಹರಡಿ, ಲಾರಿ ಬಸ್ಸುಗಳ ಚಕ್ರದಿಂದಲೇ ಕಾಳು ಬಿಡಿಸಿಕೊಳ್ಳುತ್ತಾರೆ. ಆಮೇಲೆ ಹುರುಳಿ ಬರುತ್ತದೆ. ರಾಗಿಯಾದರೂ ವಾಸಿ. ಹುರುಳಿ ಕಾಳು ಟೈರಿನ ಕೆಳಗೆ ಉರುಳುತ್ತದೆ, ಬಳ್ಳಿ ಚೈನಿಗೆ ಸುತ್ತಿಕೊಳ್ಳುತ್ತದೆ, ಒಣ ಹೊಟ್ಟು ಬಿಸಿ ಸೈಲೆನ್ಸರಿಗೆ ತಾಗಿ ಗಾಡಿ ಹೊತ್ತಿಕೊಂಡ ಸುದ್ದಿ ಒಂದಲ್ಲ ಒಂದು ಊರಿನಿಂದ ಬರುತ್ತಲೇ ಇರುತ್ತದೆ. ಬೆಳಗಿನ ಜಾವ ಇಬ್ಬನಿ ಕುಡಿದ ಹುಲ್ಲಿನ ಮೇಲೆ ಮುಂದಿನ ಬ್ರೇಕು ಮುಟ್ಟಿದರೆ ಮುಗಿಯಿತು. ಆಕ್ಸಿಲರೇಟರ್ ಬಿಟ್ಟು, ಹ್ಯಾಂಡಲ್ ನೆಟ್ಟಗೆ ಹಿಡಿದು, ಎರಡೂ ಕಾಲು ಇಳಿಬಿಟ್ಟು ಎರಡನೇ ಗೇರಿನಲ್ಲಿ ದಾಟಬೇಕು.

ಹಾಗೆ ದಾಟುತ್ತಿದ್ದ ಒಂದು ಊರ ಮುಂದೆ ದಿನವೂ ಕಾಣುತ್ತಿದ್ದ ಯಜಮಾನರೊಬ್ಬರನ್ನು ಒಂದು ಸಂಜೆ ನಿಂತು ಕೇಳಿದೆ. ಹುಲ್ಲು ತಿರುವಿ ಹಾಕುತ್ತಿದ್ದ ಅವರು ಕವೆಗೋಲು ಊರಿ ನಿಂತು ಸಮಾಧಾನವಾಗಿಯೇ ಹೇಳಿದರು. “ಕಣ ಮಾಡಕೆ ಒಂದ್ ವಾರ ಬೇಕು ಮೇಷ್ಟ್ರೇ. ನೆಲ ಕೆತ್ತಬೇಕು, ನೀರ್ ಹಾಕಿ ತುಳೀಬೇಕು, ಸಗಣಿ ಬಳೀಬೇಕು. ಆಮೇಲೆ ರೋಣಗಲ್ಲು ಎಳಿಯಕೆ ಎತ್ತು ಎಲ್ಲವೆ? ಮನೇಲಿರೋವು ಎರಡು ಸೀಮೆ ಹಸ. ಹುಡುಗ್ರು ಬೆಂಗ್ಳೂರಲ್ಲವ್ರೆ. ಮಿಷಿನ್ ಕರ್ಸಾನ ಅಂದ್ರೆ ಗಂಟೆ ಲೆಕ್ಕದ ಬಾಡಿಗೆ. ನಾನು ನಮ್ಮನೆಯೋಳು ಇಬ್ರೇ ಏನ್ ಮಾಡಾನ, ನೀವೇ ಹೇಳಿ.”

ನನ್ನ ಹತ್ತಿರ ಉತ್ತರ ಇರಲಿಲ್ಲ. ಎತ್ತು ಹೋದ ಮೇಲೆ ಕಣ ಹೋಯಿತು, ಹುಡುಗರು ಹೋದ ಮೇಲೆ ಕೈಯಾಳು ಹೋದರು. ಉಳಿದ ಗಟ್ಟಿ ನೆಲ ರಸ್ತೆಯೊಂದೇ. ಉದ್ಯೋಗ ಖಾತರಿಯಲ್ಲಿ ಕೆಲವು ಕಡೆ ಸಿಮೆಂಟಿನ ಒಕ್ಕಣೆ ಕಣ ಕಟ್ಟಿಸಿದ್ದಾರೆ. ಊರಿಗೊಂದು ಅಂಥದ್ದು ಆಗಬೇಕು, ಆಗುವ ತನಕ ರಾಗಿ ರಸ್ತೆಗೆ ಬರುತ್ತದೆ. 2024ರ ಡಿಸೆಂಬರ್ ಮೊದಲ ವಾರ ಫೆಂಗಲ್ ಚಂಡಮಾರುತದ ಮೋಡ ದಕ್ಷಿಣ ಒಳನಾಡಿನ ಮೇಲೆ ಕವಿದು ಕೊಯ್ದ ರಾಗಿಯ ಮೇಲೆ ಮಳೆ ಸುರಿದಾಗ, ಸಿಕ್ಕ ಒಂದು ಬಿಸಿಲಿಗೆ ಡಾಂಬರಿನ ಮೇಲೆ ಹರಡದೆ ರೈತ ಇನ್ನೇನು ಮಾಡಬೇಕಿತ್ತು? ಹಾಗಾಗಿ ಆ ಯಜಮಾನರ ಹತ್ತಿರ ನಾನು ಕೇಳಿಕೊಂಡದ್ದು ಒಂದೇ. ಹುಲ್ಲಿನ ಎರಡೂ ತುದಿಗೆ ಗಾಡಿಗಳು ಬದಿಗೆ ಹೋಗಲಿ ಎಂದು ದಪ್ಪ ಕಲ್ಲುಗಳನ್ನು ಇಡುತ್ತಾರಲ್ಲ, ಸಂಜೆ ರಾಗಿ ಬಾಚಿಕೊಂಡು ಹೋಗುವಾಗ ಅವನ್ನೂ ಎತ್ತಿ ಹಾಕಬೇಕು. ರಾಗಿ ಮನೆಗೆ ಹೋಗುತ್ತದೆ, ಕಲ್ಲು ಅಲ್ಲೇ ಉಳಿಯುತ್ತದೆ. ಡಾಂಬರಿನ ಬಣ್ಣದ ಕಲ್ಲು, ಅದರ ಮೇಲೆ ಮಂಜು, ಎದುರಿನಿಂದ ಡಿಮ್ ಮಾಡದ ಲೈಟು. ಚಳಿಗಾಲದ ಬೆಳಗಿನಲ್ಲಿ ಬೈಕಿನವನು ಬೀಳುವುದು ಇಂಥ ಕಲ್ಲಿಗೆ. ನಿಧಾನ ಹೋಗಬೇಕಾದ ಕಾರಣ ಎಂದೆನಲ್ಲ, ಅದು ಇದೇ. ಯಜಮಾನರು “ಅದು ನಮ್ಮದೇ ತಪ್ಪು ಬುಡಿ, ಇವತ್ತಿಂದ ಎತ್ತಾಕ್ತೀನಿ” ಅಂದರು. ಎತ್ತಿ ಹಾಕುತ್ತಿದ್ದರು ಕೂಡ. ಅವರ ಊರ ಮುಂದೆ ಮತ್ತೆ ನನಗೆ ಕಲ್ಲು ಕಾಣಲಿಲ್ಲ.

ಹಾಸನದ ದಾರಿ ದೊಡ್ಡ ರಸ್ತೆ, ಬಸ್ಸು ಲಾರಿಗಳ ರಸ್ತೆ. ಅಲ್ಲಿ ಮಂಜಿನದೇ ಪಾರುಪತ್ಯ. ಹೊಳೆಯ ಬಯಲಿನಿಂದ ಏರಿ ಮೊಸಳೆಹೊಸಹಳ್ಳಿ ದಾಟಿ ಹಾಸನದ ಎತ್ತರಕ್ಕೆ ಹೋಗುವಷ್ಟರಲ್ಲಿ ಮಂಜು ಎರಡು ಮೂರು ಸಲ ಮುತ್ತಿ ಬಿಡುತ್ತದೆ. 2017ರ ಏಪ್ರಿಲಿನಿಂದ ಬರುವ ದ್ವಿಚಕ್ರಗಳಿಗೆಲ್ಲ ಎಂಜಿನ್ ಚಾಲೂ ಆದ ಕೂಡಲೇ ಹೆಡ್‌ಲೈಟ್ ಉರಿಯುವ ನಿಯಮ ಬಂತು. ಹಗಲಲ್ಲಿ ಯಾಕಪ್ಪ ಲೈಟು ಎಂದು ಆಗ ಬಹಳ ಜನ ಕೇಳಿದರು. ಮಂಜಿನೊಳಗೆ ಎದುರಿನಿಂದ ಬರುವ ಒಂಟಿ ದೀಪವನ್ನು ಕಂಡವರು ಕೇಳಲಿಲ್ಲ. ಮುಂದೆ ಸಾರಿಗೆ ಸಂಸ್ಥೆಯ ಬಸ್ಸೊಂದು ಸಿಕ್ಕಿದರೆ ಅದರ ಹಿಂದಿನ ಕೆಂಪು ದೀಪ ಹಿಡಿದು ಹೋಗುವುದು ನಮ್ಮೆಲ್ಲರ ರೂಢಿ. ಒಂದು ಬಸ್ಸು, ಅದರ ಹಿಂದೆ ಅಂತರ ಬಿಟ್ಟು ಆರೇಳು ಬೈಕು. ಆ ಆರೇಳು ಜನರಲ್ಲಿ ಡೈರಿಗೆ ಹಾಲು ಹಾಕಿ ಹಾಸನಕ್ಕೆ ಕೂಲಿಗೆ ಹೊರಟವರಿರುತ್ತಾರೆ, ಆಸ್ಪತ್ರೆಯ ಬೆಳಗಿನ ಪಾಳಿಯ ನರ್ಸ್ ಇರುತ್ತಾರೆ, ರಾತ್ರಿ ಪಾಳಿ ಮುಗಿಸಿದ ಲೈನ್‌ಮನ್ ಇರುತ್ತಾನೆ. ಹೆಸರು ಗೊತ್ತಿಲ್ಲ, ಜರ್ಕಿನ್ನಿನ ಬಣ್ಣ ಗೊತ್ತು. ಎರಡು ದಿನ ಕಾಣದಿದ್ದರೆ ಮನಸ್ಸು ಹುಡುಕುತ್ತದೆ.

ನಮಗಿಂತ ಹಿಂದಿನವರು ಪಟ್ಟ ಪಾಡು ನೆನೆದರೆ ನಮ್ಮದು ಏನೂ ಅಲ್ಲ. ನಾನು ಓದಿದ ಶಾಲೆಯ ಹೆಡ್‌ಮಾಸ್ಟರು ಯೆಜ್ಡಿಯಲ್ಲಿ ಬರುತ್ತಿದ್ದರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯದು; 1996ರಲ್ಲಿ ಆ ಕಾರ್ಖಾನೆ ಮುಚ್ಚಿದ ಮೇಲೂ ನಮ್ಮ ಸೀಮೆಯಲ್ಲಿ ಆ ಗಾಡಿಗಳು ಓಡುತ್ತಲೇ ಇದ್ದವು. ಅದರಲ್ಲಿ ಕಿಕ್ಕರೂ ಗೇರೂ ಒಂದೇ ಕಡ್ಡಿ. ಹಿಂದಕ್ಕೆ ಮಡಿಸಿದರೆ ಕಿಕ್ಕರ್, ಒದ್ದು ಮುಂದಕ್ಕೆ ತಂದರೆ ಗೇರು. ಚಳಿಯಲ್ಲಿ ಸುಲಭಕ್ಕೆ ಹತ್ತುತ್ತಿರಲಿಲ್ಲ. ಒದ್ದು ಒದ್ದು ಬೆವರಿದ ಮೇಲೆ ಮೇಷ್ಟ್ರಿಗೆ ಸ್ವೆಟರೇ ಬೇಡವಾಗಿರುತ್ತಿತ್ತು. ನಮ್ಮ ಕಾಲದ ಗಾಡಿಗಳಿಗೆ ಚೋಕ್ ಎಳೆದರೆ ಸಾಕಾಗಿತ್ತು. 2020ರ ಏಪ್ರಿಲ್ ಆದ ಮೇಲಿನ ಹೊಸ ಗಾಡಿಗಳಿಗೆ ಬಹುಪಾಲು ಚೋಕೂ ಇಲ್ಲ. ಪೆಟ್ರೋಲ್ ಎಷ್ಟು ಬೇಕೆಂದು ಸೆನ್ಸರ್ ನೋಡಿಕೊಳ್ಳುತ್ತದೆ, ಗುಂಡಿ ಒತ್ತಿದರೆ ಆಯಿತು. ಗಾಡಿ ಸುಧಾರಿಸಿದೆ, ಬೆರಳು ಮಾತ್ರ ಹಾಗೇ ಮರಗಟ್ಟುತ್ತದೆ.

ಮರಗಟ್ಟಿದ ಬೆರಳಿಗೆ ದಾರಿಯಲ್ಲಿ ಸಿಗುವ ದೊಡ್ಡ ಉಪಕಾರ ಗೇಟುಗಳ ಬೆಂಕಿ. ಟೀ ಅಂಗಡಿಯ ಪಕ್ಕ ತೆಂಗಿನ ಮಟ್ಟೆ, ಸೋಗೆ, ಹರಿದ ಟೈರಿನ ಚೂರು ಹಾಕಿ ಹೊತ್ತಿಸಿರುತ್ತಾರೆ. “ಒಂಚೂರು ಬೆಂಕಿ ಕಾಯ್ಸ್ಕಂಡು ಹೋಗಿ ಮೇಷ್ಟ್ರೇ, ಮಕ್ಳು ಎಲ್ಲೂ ಹೋಗಲ್ಲ” ಅನ್ನುತ್ತಾರೆ. ಬೆಂಕಿಯ ಸುತ್ತ ಜಾತಿ, ಪಕ್ಷ, ಜಮೀನಿನ ತಕರಾರು ಮರೆತು ಅಂಗೈ ಚಾಚಿ ಕೂರುತ್ತಾರೆ. ಅವರೆಕಾಯಿಯ ರೇಟು, ಡೈರಿಯ ಫ್ಯಾಟು, ಧನುರ್ಮಾಸದ ಹುಗ್ಗಿ ಇವತ್ತು ಯಾರದು, ಇಷ್ಟೇ ಮಾತು. ಅವರೆಗೆ ಸೊಗಡು ಹತ್ತುವುದು ಹಿಮ ಬಿದ್ದರೇ ಎಂದು ಆ ಬೆಂಕಿಯ ಮುಂದೆ ಕೂತವರೆಲ್ಲ ಹೇಳುತ್ತಾರೆ. ನಮ್ಮ ಬೆನ್ನಿಗೆ ಬೀಳುವ ಅದೇ ಹಿಮ ಹೊಲದ ಅವರೆಯ ಮೇಲೂ ಬಿದ್ದಿರುತ್ತದೆ. ಸಂಜೆ ಬರುವಾಗ ಟ್ಯಾಂಕಿನ ಮೇಲೆ ಎರಡು ಕೇಜಿ ಸೊಗಡಿನ ಕಾಯಿ ಕಟ್ಟಿಕೊಂಡು ಬಂದರೆ ಮಾರನೆಯ ದಿನದ ಡಬ್ಬಿಯಲ್ಲಿ ಹಿತಕಿದ ಬೇಳೆ ಸಾರು.

ಈ ವರ್ಷ ಚನ್ನರಾಯಪಟ್ಟಣದ ಕಡೆಯ ನನ್ನ ಹಳೆಯ ಶಾಲೆಗೆ ಹೊಸ ಮೇಡಂ ಒಬ್ಬರು ಬಂದಿದ್ದಾರೆ. ಮನೆ ನಮ್ಮ ಊರಲ್ಲೇ, ಸ್ಕೂಟರಿನಲ್ಲಿ ಹೋಗಿಬರುತ್ತಾರೆ. ಹೊರಡುವ ಮುನ್ನಾದಿನ ದಾರಿ ಹೇಗಿದೆ ಸರ್ ಎಂದು ಕೇಳ ಬಂದರು. ಕೆರೆ ಏರಿ ಇಳಿದ ಕೂಡಲೇ ತಗ್ಗಿನಲ್ಲಿ ಚಳಿ ಹೊಡೆಯುತ್ತದೆ, ಹ್ಯಾಂಡಲ್ ಗಟ್ಟಿ ಹಿಡಿಯಿರಿ. ಎರಡನೇ ಗೇಟು ದಾಟಿದ ಮೇಲೆ ಬಿಸಿಲು ನೇರ ಕಣ್ಣಿಗೆ, ಅಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಬೇಡ. ಹುರುಳಿ ಕಂಡರೆ ಇಳಿದು ತಳ್ಳಿಕೊಂಡೇ ದಾಟಿ, ನಾಚಿಕೆ ಏನಿಲ್ಲ. ಎದೆಗೆ ಪೇಪರು ಮರೆಯಬೇಡಿ. ಎಲ್ಲ ಗುರುತು ಹಾಕಿಕೊಂಡರು. ವಾರ ಕಳೆದು ಫೋನ್ ಮಾಡಿದರು. ಹುಣಸೆಮರದ ತಿರುವಿನಲ್ಲಿ ಕಲ್ಲುಗಳು ಇದ್ದವಂತೆ, ಹಿಂದೆ ಬಂದ ಹಾಲಿನ ಗಾಡಿಯವನನ್ನು ನಿಲ್ಲಿಸಿ ಇಬ್ಬರೂ ಸೇರಿ ಎತ್ತಿ ಮೋರಿ ಪಕ್ಕಕ್ಕೆ ಹಾಕಿದರಂತೆ. “ನಾಲ್ಕಿದ್ದವು ಸರ್, ಒಂದಂತೂ ಅಲ್ಲಾಡಲೇ ಇಲ್ಲ. ಶಾಲೆಗೆ ಹತ್ತು ನಿಮಿಷ ತಡ ಆಯ್ತು, ಹೆಡ್‌ಮಾಸ್ಟರಿಗೆ ನೀವೇ ಒಂದು ಮಾತು ಹೇಳಿ” ಅಂದರು. ಹೇಳಿದೆ.